ಒಕ್ಕದ ಹೆಸರಿದ್ದರೆ ಮೈದಾನಕ್ಕೆ: ಕೊಡವ ಹಾಕಿ ನಮ್ಮೆ, ಒಂದು ಪ್ರಕರಣ ಅಧ್ಯಯನ

ಕೊಡಗಿನ ಕೊಡವ ಕುಟುಂಬಗಳು ಸೇರಿ ನಡೆಸುವ ಹಾಕಿ ಹಬ್ಬವಾದ ಕೊಡವ ಹಾಕಿ ನಮ್ಮೆಯಲ್ಲಿ ಆಡುವವರು ಒಳ್ಳೆಯ ಆಟಗಾರರೇ ಆಗಿರಬೇಕೆಂದಿಲ್ಲ. ಅರವತ್ತು ದಾಟಿದ ಅಜ್ಜ ಗೋಲು ಕಾಯಬಹುದು. ಐದನೇ ತರಗತಿಯ ಹುಡುಗಿ ಅಂಚಿನಲ್ಲಿ ಓಡಬಹುದು. ಭಾರತ ತಂಡಕ್ಕೆ ಆಡಿ ಬಂದವನು ಅವರಿಬ್ಬರ ನಡುವೆ ನಿಂತು ಪಾಸ್ ಕೊಡಬಹುದು. ಬೇಕಾದದ್ದು ಒಕ್ಕದ ಹೆಸರು, ಅಂದರೆ ಕೊಡವ ಕುಲದ ಮನೆ ಹೆಸರು ಮಾತ್ರ. ಆ ಹೆಸರಿಲ್ಲದವನು ಜಿಲ್ಲೆಗೇ ಒಳ್ಳೆಯ ಸೆಂಟರ್ ಫಾರ್ವರ್ಡ್ ಆಗಿದ್ದರೂ ಗ್ಯಾಲರಿಯಲ್ಲಿ ಕೂತು ನೋಡಬೇಕು.

ಜನ ತಮ್ಮತಮ್ಮಲ್ಲೇ ಒಂದು ಕೂಟ ಕಟ್ಟಿಕೊಂಡು ಉಳಿದವರನ್ನು ಹೊರಗೆ ನಿಲ್ಲಿಸುವುದು ಹೇಗೆ ಎಂದು ತಿಳಿಯಬೇಕಾದರೆ ಈ ನಮ್ಮೆಯನ್ನು ನೋಡಬೇಕು. ಇಲ್ಲಿ ಗುಟ್ಟಿನ ಸದಸ್ಯತ್ವವಿಲ್ಲ. ಯಾರು ಆಡಬಹುದು, ಯಾರು ಆಡುವಂತಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಹೊರಗೆ ನಿಲ್ಲಿಸುವವರ ಮನಸ್ಸಿನಲ್ಲಿ ಹೊರಗಿನವರ ಮೇಲೆ ಹಗೆಯಿಲ್ಲ, ಹೊರಗಿನವರೂ ಬಹುಪಾಲು ಸಿಟ್ಟಾಗಿಲ್ಲ. ನಾನು ಇದೇ ಜಿಲ್ಲೆಯವನು, ಒಕ್ಕದ ಹೆಸರಿಲ್ಲದವನು. ಈ ಆಟವನ್ನು ಗ್ಯಾಲರಿಯಿಂದ ನೋಡಿ ಖುಷಿಪಟ್ಟವನು. ಆದ್ದರಿಂದ ಇದನ್ನು ಖಂಡಿಸಲು ಬರೆಯುತ್ತಿಲ್ಲ, ಹೊಗಳಲಿಕ್ಕೂ ಅಲ್ಲ. ಒಂದು ಗುಂಪು ಗೆರೆ ಎಳೆದುಕೊಂಡಾಗ ಒಳಗೆ ಏನಾಗುತ್ತದೆ, ಪಕ್ಕದ ಮನೆಯವರು ಏನು ಮಾಡುತ್ತಾರೆ, ಇಡೀ ಊರಿಗೆ ಏನು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳು ನನ್ನವು. ಕೊನೆಯದರ ಬಗ್ಗೆ ನನಗೆ ಚಿಂತೆಯಿದೆ.

ಅರವತ್ತು ತಂಡಗಳಿಂದ

1997ರಲ್ಲಿ ವಿರಾಜಪೇಟೆ ಕಡೆಯ ಕರಡದಲ್ಲಿ ಮೊದಲ ನಮ್ಮೆ ನಡೆಯಿತು. ನಡೆಸಿದವರು ಪಾಂಡಂಡ ಕುಟ್ಟಪ್ಪ. ಜನ ಅವರನ್ನು ಕುಟ್ಟಣಿ ಎಂದೇ ಕರೆಯುತ್ತಿದ್ದರು. ಕೊಡವ ಒಕ್ಕಗಳ ನಡುವೆ ಒಡನಾಟ ಬೆಳೆಯಬೇಕು, ಹಾಕಿಗೆ ಹೊಸ ಹುಡುಗರು ಬರಬೇಕು ಎಂಬುದು ಅವರ ಆಸೆ. ಆ ವರ್ಷ 60 ತಂಡಗಳು ಬಂದವು. ಅಲ್ಲಿಂದ ಮುಂದೆ ಪ್ರತಿ ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸಿತು, ಆ ವರ್ಷದ ನಮ್ಮೆಗೆ ಆ ಒಕ್ಕದ್ದೇ ಹೆಸರು. ಮೇಲುಸ್ತುವಾರಿಗೆ ಕೊಡವ ಹಾಕಿ ಅಕಾಡೆಮಿ ಹುಟ್ಟಿತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಜಿಲ್ಲೆ ತತ್ತರಿಸಿದ ಮೇಲೆ, ಅದರ ಹಿಂದೆಯೇ ಕೋವಿಡ್ ಬಂದು, ಕೆಲವು ವರ್ಷ ಆಟ ನಿಂತಿತ್ತು. ಇಷ್ಟು ದೊಡ್ಡ ಬಿಡುವಿನ ನಂತರ ಇಂಥವು ಸಾಮಾನ್ಯವಾಗಿ ಸೊರಗುತ್ತವೆ. ಇದು ಸೊರಗಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಒಕ್ಕದ ಆತಿಥ್ಯದಲ್ಲಿ 336 ತಂಡ, 2024ರಲ್ಲಿ ಅಲ್ಲೇ ಕುಂಡ್ಯೋಳಂಡ ಒಕ್ಕದ ಆತಿಥ್ಯದಲ್ಲಿ 360, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದ ಆತಿಥ್ಯದಲ್ಲಿ 396. ದಾಖಲೆ ಪುಸ್ತಕಗಳಲ್ಲೂ ಹೆಸರು ಬಂತು. ಕುಟ್ಟಣಿಯವರು 2020ರಲ್ಲಿ ತೀರಿಕೊಂಡರು, ಈ ಕೊನೆಯ ಲೆಕ್ಕಗಳನ್ನು ಅವರು ನೋಡಲಿಲ್ಲ.

ಯಾಕೆ 1997? ಇಪ್ಪತ್ತು ವರ್ಷ ಹಿಂದೆ ಯಾಕಲ್ಲ? ಒಬ್ಬ ವ್ಯಕ್ತಿಯ ಹುಮ್ಮಸ್ಸಿನ ಜೊತೆಗೆ ಕಾಲವೂ ಕೂಡಿಬಂದಿತ್ತು ಎಂದು ನನ್ನ ಅನಿಸಿಕೆ. ಕೊಡಗು ಒಂದು ಕಾಲದಲ್ಲಿ ತನ್ನದೇ ಅರಸೊತ್ತಿಗೆ. 1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಅದನ್ನು ತೆಗೆದುಕೊಂಡರು, ಆದರೆ ಬೇರೆ ಪ್ರಾಂತ್ಯವಾಗಿಯೇ ಇಟ್ಟರು. ಸ್ವಾತಂತ್ರ್ಯದ ನಂತರವೂ ಅದು ಪುಟ್ಟ ರಾಜ್ಯ, ತನ್ನದೇ ಮುಖ್ಯಮಂತ್ರಿಯೂ ಇದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ಇವತ್ತಿಗೂ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷದ ಸುತ್ತಮುತ್ತ, ಅದರಲ್ಲಿ ಕೊಡವರು ಅಲ್ಪಸಂಖ್ಯಾತರು. ಮಕ್ಕಳು ಓದಿಗೆ, ಕೆಲಸಕ್ಕೆ ಮೈಸೂರು, ಬೆಂಗಳೂರು, ಅದರಾಚೆಗೂ ಹೋದರು. ಹತ್ತಾರು ಸಂಸಾರ ಒಟ್ಟಿಗಿದ್ದ ಐನ್‌ಮನೆಗಳಲ್ಲಿ ಒಬ್ಬಿಬ್ಬರು ವಯಸ್ಸಾದವರು ಉಳಿದರು, ಕೆಲವು ಬೀಗ ಕಂಡವು. ಅಣ್ಣತಮ್ಮಂದಿರ ಮಕ್ಕಳು ಪರಸ್ಪರ ಗುರುತಿಸಲಾರದ ಸ್ಥಿತಿ ಬಂದಿತ್ತು.

ಗುಂಪು ಬಲವಾಗಿದ್ದಾಗ ಗೆರೆ ಎಳೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ಪ್ರಕರಣದಲ್ಲಿ ನಡೆದದ್ದು ಹಾಗಲ್ಲ, ಕರಗಿಹೋಗುತ್ತೇವೆ ಎಂಬ ದಿಗಿಲಿನಲ್ಲಿ ಗೆರೆ ಎಳೆದರು. ಇದನ್ನು ಮರೆತು ನಮ್ಮೆಯನ್ನು ಬರೀ ಜಾತಿಯ ಮೆರೆದಾಟ ಎಂದು ಕರೆಯುವವರು ಅರ್ಧವನ್ನಷ್ಟೇ ನೋಡಿದ್ದಾರೆ.

ಗೆರೆ ಎಲ್ಲಿದೆ

ಒಕ್ಕವೆಂದರೆ ತಂದೆಯ ಕಡೆಯಿಂದ ಹರಿದು ಬರುವ ಕುಲ. ಅದಕ್ಕೊಂದು ಮನೆ ಹೆಸರು, ಒಂದು ಐನ್‌ಮನೆ, ಮೂಲಪುರುಷನಾದ ಗುರುಕಾರಣನಿಗೆ ಕೈಮಡ ಎಂಬ ಒಂದು ಗುಡಿ, ಹಿರಿಯನಾದ ಒಬ್ಬ ಪಟ್ಟೆದಾರ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯೂ ಒಕ್ಕದ್ದೇ. ಒಂದೇ ಒಕ್ಕದೊಳಗೆ ಮದುವೆಯಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಅಧ್ಯಯನ ಮಾಡಿದಾಗ ಅವರ ಬದುಕಿನ ಮೂಲ ಘಟಕವಾಗಿ ಕಂಡದ್ದು ಈ ಒಕ್ಕವೇ. ಒಕ್ಕವಿಲ್ಲದ ಕೊಡವನಿಲ್ಲ.

ಹೀಗೆ ನೋಡಿದರೆ ಹಾಕಿ ನಮ್ಮೆ ಹೊಸ ಗೆರೆಯನ್ನೇನೂ ಎಳೆಯಲಿಲ್ಲ. ನೂರಾರು ವರ್ಷದಿಂದ ಇದ್ದ ಗೆರೆಯ ಮೇಲೆ ಸುಣ್ಣ ಹಾಕಿತು, ಅಷ್ಟೆ. ಸುಣ್ಣ ಹಾಕುವ ಮೊದಲು ಒಕ್ಕ ಕಾಣಿಸುತ್ತಿದ್ದದ್ದು ಮದುವೆಯಲ್ಲಿ, ಸಾವಿನಲ್ಲಿ, ಸುಗ್ಗಿಯ ಹಬ್ಬವಾದ ಪುತ್ತರಿಗೆ ಕದಿರು ತೆಗೆಯುವಾಗ, ತೀರಿಹೋದ ಹಿರಿಯರಾದ ಕಾರಣರಿಗೆ ಎಡೆ ಇಡುವಾಗ. ನಮ್ಮೆ ಬಂದ ಮೇಲೆ ಅದು ಜೆರ್ಸಿಯ ಬೆನ್ನಿನ ಮೇಲೆ, ಅಂಕಪಟ್ಟಿಯಲ್ಲಿ, ಮರುದಿನದ ಪತ್ರಿಕೆಯಲ್ಲಿ ಕಾಣಿಸತೊಡಗಿತು. ಊರು ಬಿಟ್ಟು ಹೋದ ಹುಡುಗನಿಗೆ ತನ್ನ ಮನೆ ಹೆಸರು ಮೊದಲ ಬಾರಿಗೆ ಒಂದು ತಂಡದ ಹೆಸರಾಗಿ ಕೇಳಿಸಿತು.

ಈ ಗೆರೆಗೆ ಬಾಗಿಲುಗಳೂ ಇವೆ, ಅವು ಎಲ್ಲಿವೆ ಎಂದು ನೋಡುವುದು ಮುಖ್ಯ. ಮದುವೆ ಒಂದು ಬಾಗಿಲು. ಕೊಡವ ಮದುವೆಯಲ್ಲಿ ಸಂಬಂಧ ಅಡುಕುವ, ಅಂದರೆ ನಂಟು ಕೂಡಿಸುವ ಶಾಸ್ತ್ರವಿದೆ. ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವವರು, ಎದುರುಬದುರು ನಿಂತು ಹುಡುಗಿಯ ಹಕ್ಕುಗಳನ್ನು ಮಾತಿನಲ್ಲಿ ಒಪ್ಪಿಸುತ್ತಾರೆ. ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದನ್ನು ಗಂಡಿನ ಕಡೆಗೆ ಕೊಟ್ಟು ಒಂದನ್ನು ತವರು ಉಳಿಸಿಕೊಳ್ಳುತ್ತದೆ. ಅವಳು ಹೊಸ ಒಕ್ಕಕ್ಕೆ ಸೇರಿದಳು, ಹಳೆಯದರಿಂದ ಪೂರಾ ಹೊರಬೀಳಲಿಲ್ಲ. ಹೀಗೆ ಬಂದ ಸೊಸೆ ಗಂಡನ ಒಕ್ಕದ ತಂಡದಲ್ಲಿ ಸ್ಟಿಕ್ ಹಿಡಿದು ಆಡುವುದನ್ನು ನಮ್ಮೆಯಲ್ಲಿ ನೋಡಬಹುದು.

ಇನ್ನೊಂದು ಬಾಗಿಲು ಮಕ್ಕ ಪರಿಜೆ. ಒಕ್ಕದಲ್ಲಿ ಗಂಡು ಸಂತಾನವಿಲ್ಲದೆ ಹೆಸರು ಅಳಿಯುವ ಹಾಗಾದರೆ, ಮಗಳ ಮಕ್ಕಳನ್ನು ತಾಯಿಯ ಒಕ್ಕಕ್ಕೇ ಸೇರಿಸಿಕೊಳ್ಳುವ ಪದ್ಧತಿ. ತಂದೆಯ ಕಡೆಯಿಂದಲೇ ಹೆಸರು ಎಂಬ ಕಟ್ಟುನಿಟ್ಟಿನ ನಿಯಮವನ್ನು ಇಲ್ಲಿ ಕೊಡವರೇ ಸಡಿಲಿಸಿದ್ದಾರೆ, ಅದೂ ಇವತ್ತು ನಿನ್ನೆಯ ಆಧುನಿಕತೆಗೆ ಮಣಿದು ಅಲ್ಲ, ಹಿಂದಿನಿಂದಲೇ. ರಕ್ತದ ನಿಯಮ ಕಲ್ಲಿನಲ್ಲಿ ಕೊರೆದದ್ದು ಎಂದು ವಾದಿಸುವವರು ಮಕ್ಕ ಪರಿಜೆಯನ್ನು ನೆನೆಯಬೇಕು. ಆದರೆ ಬಾಗಿಲು ಯಾವಾಗ ತೆರೆಯಿತು? ಒಳಗಿನವರಿಗೆ ಬೇಕಾದಾಗ. ಹೊರಗಿನವನೊಬ್ಬ ಬಂದು ತಟ್ಟಿದ್ದಕ್ಕಲ್ಲ. ನಾನು ಗಮನಿಸಿದ ಮಟ್ಟಿಗೆ ಎಲ್ಲ ಬಿಗಿ ಗುಂಪುಗಳ ನಡೆಯೂ ಇದೇ, ಅದು ಕುಲವಿರಲಿ, ಮಠವಿರಲಿ, ಬಿಳಿಯ ಪ್ಲಾಂಟರುಗಳು ಭಾರತೀಯರನ್ನು ಒಳಗೆ ಬಿಡದೆ ನಡೆಸಿದ ಕ್ಲಬ್ಬುಗಳಿರಲಿ. ವಿನಾಯಿತಿಯ ಅಳತೆಗೋಲು ಯಾವಾಗಲೂ ಗುಂಪಿನ ಅಗತ್ಯವೇ.

ಇದೇ ಕಾರಣಕ್ಕೆ ಒಂದು ಪ್ರಶ್ನೆ ಇವತ್ತು ಹೆಚ್ಚು ಮನೆಗಳಲ್ಲಿ ಏಳುತ್ತಿದೆ. ಕೊಡವ ಹುಡುಗಿ ಹೊರಗಿನ ಸಮುದಾಯದವನನ್ನು ಮದುವೆಯಾದರೆ ಅವಳ ಮಕ್ಕಳಿಗೆ ತಂದೆಯ ಕಡೆಯಿಂದ ಒಕ್ಕವಿಲ್ಲ. ಅವರು ಕೊಡವರ ಭಾಷೆಯಾದ ಕೊಡವ ತಕ್ಕ್ ಮಾತಾಡುತ್ತಾರೆ, ಅಜ್ಜಿ ಮನೆಯಲ್ಲಿ ಪುತ್ತರಿ ಉಣ್ಣುತ್ತಾರೆ, ಕೊಡಗಿನಲ್ಲೇ ಬೆಳೆಯುತ್ತಾರೆ. ಜೆರ್ಸಿಯ ಬೆನ್ನಿಗೆ ಬರೆಯಲು ಮಾತ್ರ ಅವರಿಗೊಂದು ಹೆಸರು ಹುಟ್ಟಿನಿಂದ ಬಂದಿರುವುದಿಲ್ಲ. ಸಂಖ್ಯೆ ಕುಗ್ಗುತ್ತಿದೆ ಎಂದು ಕೊರಗುವ ಸಮುದಾಯ ಈ ಮಕ್ಕಳ ವಿಷಯದಲ್ಲಿ ಏನು ತೀರ್ಮಾನಿಸುತ್ತದೆ ಎಂಬುದು ಅದರ ಒಳಗಿನ ಮಾತು, ಹೊರಗಿನ ನಾನು ಆಜ್ಞೆ ಮಾಡುವಂಥದ್ದಲ್ಲ. ಮಕ್ಕ ಪರಿಜೆಯನ್ನು ರೂಪಿಸಿದ ಹಿರಿಯರು ಇದ್ದಿದ್ದರೆ ಇದಕ್ಕೂ ಒಂದು ದಾರಿ ಹುಡುಕುತ್ತಿದ್ದರು ಎಂದಷ್ಟೇ ನನಗೆ ತೋರುತ್ತದೆ.

ಒಳಗಿನ ಸಮಾನತೆ

ಹೊರಗಿಡುವ ಗುಂಪುಗಳ ಬಗ್ಗೆ ಬರೆಯುವವರು ಒಳಗೆ ಏನು ನಡೆಯುತ್ತದೆ ಎಂದು ಹೆಚ್ಚು ನೋಡುವುದಿಲ್ಲ. ಈ ಪ್ರಕರಣದಲ್ಲಿ ಅದನ್ನು ಬಿಟ್ಟರೆ ಏನೂ ಅರ್ಥವಾಗದು.

ನೂರಾರು ಎಕರೆ ಕಾಫಿ ತೋಟದ ಒಕ್ಕಕ್ಕೂ ಒಂದೇ ತಂಡ, ತುಂಡು ಗದ್ದೆ ಉಳಿದಿರುವ ಒಕ್ಕಕ್ಕೂ ಒಂದೇ ತಂಡ. ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಬ್ಯಾಂಕಿನ ಗುಮಾಸ್ತರು, ಪ್ಲಸ್ ಟೂ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಾರೆ. ಚಿಕ್ಕ ಒಕ್ಕಗಳಿಗೆ ಹನ್ನೊಂದು ಜನ ಕೂಡಿಸುವುದೇ ಕಷ್ಟ, ಆದ್ದರಿಂದ ಬೆಂಗಳೂರಿಗೆ, ದುಬೈಗೆ ಫೋನು ಹೋಗುತ್ತದೆ, ಯಾವತ್ತೂ ಸ್ಟಿಕ್ ಮುಟ್ಟದ ಚಿಕ್ಕಪ್ಪನನ್ನು ಎಬ್ಬಿಸಿ ತರುತ್ತಾರೆ, ಹೆಂಗಸರು ಗಂಡಸರ ಪಕ್ಕದಲ್ಲೇ ಆಡುತ್ತಾರೆ. ಆಟದ ಮಟ್ಟಕ್ಕೆ ಇದರಿಂದ ನಷ್ಟವಾಗಬಹುದು, ಸೇರುವ ಜನಕ್ಕೆ ನಷ್ಟವಿಲ್ಲ. ಪ್ರತಿಭೆಯೇ ಅರ್ಹತೆಯಾಗಿದ್ದಿದ್ದರೆ ಪ್ರತಿ ಒಕ್ಕದ ಮುಕ್ಕಾಲು ಪಾಲು ಜನ ಹೊರಗೆ ಉಳಿಯುತ್ತಿದ್ದರು. ಹುಟ್ಟು ಅರ್ಹತೆಯಾದ್ದರಿಂದ ಒಳಗಿನವರಲ್ಲಿ ಯಾರೂ ಹೊರಗಿಲ್ಲ.

ಆತಿಥ್ಯ ಸರದಿಯಲ್ಲಿ ಸುತ್ತುವುದೂ ಇದೇ ಕೆಲಸ ಮಾಡುತ್ತದೆ. ಸುಮಾರು ಒಂದು ತಿಂಗಳು ನೂರಾರು ಪಂದ್ಯ ನಡೆಸುವುದು ಒಕ್ಕಕ್ಕೆ ಹಗುರದ ಹೊರೆಯಲ್ಲ. ಮೈದಾನ ಹದ ಮಾಡಬೇಕು, ಗ್ಯಾಲರಿ ಕಟ್ಟಬೇಕು, ಊಟ, ನೀರು, ಅಂಪೈರು, ಬಹುಮಾನ ನೋಡಿಕೊಳ್ಳಬೇಕು. ಅದಕ್ಕಾಗಿ ಒಕ್ಕದ ಎಲ್ಲ ಮನೆಗಳೂ ಒಂದು ವರ್ಷ ಮೊದಲೇ ಸೇರಿ ಕೂರಬೇಕಾಗುತ್ತದೆ. ಮಾತು ಬಿಟ್ಟಿದ್ದ ದಾಯಾದಿಗಳು ಅನಿವಾರ್ಯವಾಗಿ ಒಂದೇ ಕೋಣೆಯಲ್ಲಿ ಕೂತು ಖರ್ಚಿನ ಲೆಕ್ಕ ಹಾಕುತ್ತಾರೆ. ಗುಂಪನ್ನು ಗಟ್ಟಿ ಮಾಡುವುದು ನಿಜವಾಗಿ ಈ ಲೆಕ್ಕದ ಕೂಟ ಎಂದು ನನಗನಿಸುತ್ತದೆ. ಕಪ್ ಯಾರಿಗೆ ಹೋದರೂ ಮುಂದಿನ ವರ್ಷ ಆತಿಥ್ಯ ಇನ್ನೊಂದು ಒಕ್ಕಕ್ಕೆ. ಯಾರೂ ಇದರ ಒಡೆಯರಾಗಲಾರರು.

ಹಾಕಿ ಯಾರದು

ಹಾಕಿ ಕೊಡವರ ಹಳೆಯ ಆಚಾರವೇನಲ್ಲ. ಅದು ಬ್ರಿಟಿಷ್ ಸೈನ್ಯದ ಜೊತೆ ಭಾರತಕ್ಕೆ ಬಂದ ಆಟ. ಕೊಡವರಲ್ಲಿ ಸೈನ್ಯಕ್ಕೆ ಹೋದವರು ಹೆಚ್ಚು, ಹಾಗೆಯೇ ಆಟವೂ ಮನೆಗೆ ಬಂತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ. ಪಿ. ಗಣೇಶ್, 1980ರ ಮಾಸ್ಕೋದ ಚಿನ್ನದ ತಂಡದ ಎಂ. ಎಂ. ಸೋಮಯ್ಯ, ಮುಂದೆ ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್ ಇವರೆಲ್ಲ ಕೊಡಗಿನ ಹೆಸರಿನೊಂದಿಗೆ ಕೇಳಿಬಂದವರು. ಒಂದೆರಡು ತಲೆಮಾರಿನಲ್ಲಿ ಹಾಕಿ, ಕೊಡವ ಉಡುಪಿನ ಕುಪ್ಯ ಚೇಲೆ, ಸೊಂಟಕ್ಕೆ ಸಿಕ್ಕಿಸುವ ಪೀಚೆ ಕತ್ತಿ ಎಲ್ಲ ಒಂದೇ ಸಾಲಿನಲ್ಲಿ ನಿಂತವು.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಇದನ್ನೇ ಹೇಳಿದ್ದರು. ಒಂದು ಸಮುದಾಯವನ್ನು ಸಮುದಾಯವಾಗಿ ಉಳಿಸುವುದು ಅದರೊಳಗಿನ ಆಚಾರ ವಿಚಾರಗಳಲ್ಲ, ನಾವು ಮತ್ತು ಅವರು ಎಂಬ ಗಡಿ. ಒಳಗಿನ ಸಾಮಾನು ಬದಲಾಗುತ್ತಾ ಹೋಗಬಹುದು, ಗಡಿ ಉಳಿದರೆ ಸಮುದಾಯ ಉಳಿಯುತ್ತದೆ. ಕೊಡವರು ಹೊರಗಿನ ಆಟವನ್ನು ತಂದು ಹಳೆಯ ಗಡಿಯೊಳಗೆ ಇಟ್ಟರು, ಅದು ಅವರದೇ ಆಯಿತು. ನಾಳೆ ಬೇರೊಂದು ಆಟ ಬಂದರೂ ಅದು ನಡೆಯುತ್ತದೆ, ಒಕ್ಕ ಇರುವ ತನಕ.

ಗೆರೆ ಹಳೆಯದಾಗಿರಬೇಕೆಂದೂ ಇಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಹದಿನಾಲ್ಕು ಹದಿನೈದು ವರ್ಷದ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಕ್ಲೀ ಎಂಬ ಕಲಾವಿದನ ಚಿತ್ರ ಇಷ್ಟಪಟ್ಟವರು ಒಂದು ಕಡೆ, ಕ್ಯಾಂಡಿನ್‌ಸ್ಕಿಯ ಚಿತ್ರ ಇಷ್ಟಪಟ್ಟವರು ಇನ್ನೊಂದು ಕಡೆ ಎಂದು ಹುಡುಗರಿಗೆ ಹೇಳಲಾಗಿತ್ತು. ನಿಜದಲ್ಲಿ ವಿಂಗಡಣೆ ಮನಸ್ಸಿಗೆ ಬಂದಂತೆ ನಡೆದಿತ್ತು. ತನ್ನ ಗುಂಪಿನವನು ಯಾರು ಎಂದು ಮುಖ ಸಹ ಗೊತ್ತಿಲ್ಲದಿದ್ದರೂ ಹುಡುಗರು ಹಣ ಹಂಚುವಾಗ ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ತಮ್ಮವರಿಗೆ ಒಟ್ಟು ಸ್ವಲ್ಪ ಕಡಿಮೆಯಾದರೂ ಸರಿ, ಎದುರಿನವರಿಗಿಂತ ಹೆಚ್ಚಿರಲಿ ಎಂಬ ಹಂಚಿಕೆಯನ್ನೂ ಆರಿಸಿದರು. ಅಷ್ಟು ತೆಳುವಾದ ಗೆರೆಯೇ ಇಷ್ಟು ಮಾಡಬಲ್ಲದಾದರೆ ಕೈಮಡ, ಐನ್‌ಮನೆ, ಕಾರಣರ ಹೆಸರಿರುವ ಗೆರೆಯ ಬಲ ಎಷ್ಟಿರಬೇಡ?

ಪಕ್ಕದವರು ಏನು ಮಾಡಿದರು

ನನ್ನ ಮಟ್ಟಿಗೆ ಈ ಪ್ರಕರಣದ ಹೃದಯ ಇಲ್ಲಿದೆ.

ಕೊಡಗಿನಲ್ಲಿ ಮನೆ ಹೆಸರು ಕೊಡವರದ್ದು ಮಾತ್ರವಲ್ಲ. ಅಮ್ಮಕೊಡವರು, ಹೆಗ್ಗಡೆಗಳು, ಐರಿಗಳು ಎಂಬ ಬೇರೆ ಸಮುದಾಯಗಳವರೂ ಕೊಡವ ತಕ್ಕ್ ಮಾತಾಡುತ್ತಾರೆ, ಅವರಿಗೂ ಮನೆ ಹೆಸರುಗಳಿವೆ. ಜಮ್ಮಾ ಮಾಪಿಳ್ಳೆಗಳೆಂದು ಕರೆಸಿಕೊಳ್ಳುವ ಕೊಡಗಿನ ಮುಸ್ಲಿಂ ಕುಟುಂಬಗಳಲ್ಲೂ ಅದೇ ಬಗೆಯ ಮನೆ ಹೆಸರುಗಳು ಕೇಳುತ್ತವೆ. ಅರೆಭಾಷೆ ಮಾತಾಡುವ ಗೌಡರಿಗೆ ಅವರದೇ ಮನೆತನಗಳು. 1837ರಲ್ಲಿ ಬ್ರಿಟಿಷರು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನಲ್ಲೇ ಮನೆತನ ಸೇರಿದೆ. ಇವರಲ್ಲಿ ಯಾರೂ ನಮ್ಮೆಯ ತಂಡಗಳ ಪಟ್ಟಿಯಲ್ಲಿ ಇರಲಿಲ್ಲ.

ಹೀಗೆ ಹೊರಗುಳಿದವರ ಮುಂದೆ ಹಲವು ದಾರಿಗಳಿದ್ದವು. ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಬಹುದಿತ್ತು. ಸಾರ್ವಜನಿಕ ಮೈದಾನದಲ್ಲಿ ಇದು ಸಲ್ಲದು ಎಂದು ಜಗಳಕ್ಕೆ ನಿಲ್ಲಬಹುದಿತ್ತು. ಎಲ್ಲ ಸಮುದಾಯಗಳ ಕುಟುಂಬಗಳಿಗೂ ತೆರೆದ ಪಂದ್ಯಾವಳಿಯೊಂದನ್ನು ಎದುರಿಗೆ ಕಟ್ಟಬಹುದಿತ್ತು. ಹೆಚ್ಚಿನವರು ಆರಿಸಿದ್ದು ಬೇರೆ. ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿ ಬಂತು. ಅಮ್ಮಕೊಡವರು, ಹೆಗ್ಗಡೆಗಳು, ಐರಿಗಳು, ಮುಸ್ಲಿಂ ಕುಟುಂಬಗಳು ತಮ್ಮತಮ್ಮ ಪಂದ್ಯಾವಳಿ ಮಾಡಿಕೊಂಡವು. ಹೆಚ್ಚಿನವು ಕ್ರಿಕೆಟ್, ಆದರೆ ಅಚ್ಚು ಅದೇ: ಕುಟುಂಬಕ್ಕೊಂದು ತಂಡ, ಸಮುದಾಯದವರಿಗೆ ಮಾತ್ರ ಪ್ರವೇಶ, ಬೇಸಿಗೆ ರಜೆಯಲ್ಲಿ ಊರಿಗೆ ಬಂದ ಮಕ್ಕಳ ಗದ್ದಲ. ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ಪತ್ರಿಕೆಗಳ ಕ್ರೀಡಾ ಪುಟ ಇವುಗಳಿಂದಲೇ ತುಂಬುತ್ತದೆ.

ಹೊರಗಿಟ್ಟ ಗುಂಪಿನ ವಿರುದ್ಧ ಯಾರೂ ಗೋಡೆ ಒಡೆಯಲಿಲ್ಲ, ತಮ್ಮ ಸುತ್ತಲೂ ಅದೇ ಅಳತೆಯ ಗೋಡೆ ಕಟ್ಟಿಕೊಂಡರು. ಈ ನಡೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಅದರಲ್ಲಿ ಸ್ವಾಭಿಮಾನವಿದೆ. ಬೇಡಿಕೊಂಡು ಇನ್ನೊಬ್ಬರ ಹಬ್ಬಕ್ಕೆ ಹೋಗುವುದಕ್ಕಿಂತ ನಮ್ಮದೇ ಹಬ್ಬ ಮಾಡಿಕೊಳ್ಳೋಣ ಎಂದರು, ತಮ್ಮ ಮನೆತನಗಳ ಪಟ್ಟಿಯನ್ನು ಮೊದಲ ಬಾರಿಗೆ ಕೂಡಿಸಿ ಬರೆದರು. ಆದರೆ ಅದರ ಫಲವನ್ನೂ ನೋಡಬೇಕು. ಮೊದಲು ಒಂದು ಸಮುದಾಯದ ಸುತ್ತ ಇದ್ದ ಗೆರೆ ಈಗ ಎಲ್ಲರ ಸುತ್ತಲೂ ಇದೆ. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಓದುವ ನಾಲ್ಕು ಗೆಳೆಯರು ರಜೆ ಬಂದ ಕೂಡಲೇ ನಾಲ್ಕು ಮೈದಾನಗಳಿಗೆ ಹೋಗುತ್ತಾರೆ. ಅವರು ಕೂಡಿ ಒಂದು ತಂಡವಾಗಿ ಆಡುವ ಪಂದ್ಯ ರಜೆಯಲ್ಲಿ ಅಪರೂಪ.

ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಬಿಡುವಂತಿಲ್ಲ. ಕುಟುಂಬದ ಹೆಸರಲ್ಲಿ ಪಂದ್ಯಾವಳಿ ಮಾಡಬೇಕಾದರೆ ಕುಟುಂಬಕ್ಕೆ ನೆಲ ಬೇಕು, ಕೈಯಲ್ಲಿ ಕಾಸು ಬೇಕು, ಹೊರಗೆ ಸಂಪಾದಿಸುವ ಮಕ್ಕಳು ಬೇಕು. ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿರುವ ಯರವ, ಪಣಿಯ, ಕುರುಬ ಆದಿವಾಸಿ ಮಕ್ಕಳಿಗೆ, ಕಾಫಿ ಕೊಯ್ಲಿಗೆ ಬಂದು ಇಲ್ಲೇ ನಿಂತ ಕೂಲಿಯವರ ಮಕ್ಕಳಿಗೆ ಇದಾವುದೂ ಇಲ್ಲ. ಕೊಡವರ ಗೆರೆಗೆ ಗೌಡರು ಉತ್ತರ ಕೊಡಬಲ್ಲರು, ಮುಸ್ಲಿಮರು ಕೊಡಬಲ್ಲರು. ಲೈನ್‌ಮನೆಯ ಮಕ್ಕಳು ಎಲ್ಲ ಗೆರೆಗಳ ಹೊರಗೂ ಒಟ್ಟಿಗೇ ಉಳಿದರು.

ಕೋವಿಯ ಕಾನೂನು ಹೇಳುವುದು

ನಮ್ಮೆಯನ್ನು ಗಾಳಿಯಲ್ಲಿ ಗುಂಡು ಹಾರಿಸಿ ಆರಂಭಿಸುವುದುಂಟು. ಆ ಕೋವಿಯ ಹಿಂದೆ ಇರುವ ಕಾನೂನು ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. ಆಯುಧ ಪರವಾನಗಿಯಿಂದ ಕೊಡಗಿಗೆ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಪ್ರಶ್ನಿಸಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ವಿನಾಯಿತಿ ಇಬ್ಬರಿಗೆ: ಕೊಡವ ಜನಾಂಗದ ಪ್ರತಿ ವ್ಯಕ್ತಿಗೆ, ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರನಿಗೆ.

ಒಂದೇ ಹಕ್ಕಿಗೆ ಎರಡು ಅಳತೆ. ಮೊದಲನೆಯದು ಹುಟ್ಟು, ಅದನ್ನು ಯಾರೂ ಗಳಿಸಲಾರರು. ಎರಡನೆಯದು ನೆಲದ ಜೊತೆಗಿನ ಸಂಬಂಧ, ಅದು ಒಂದೇ ಸಮುದಾಯದ್ದಲ್ಲ. ಜಮ್ಮಾ ಹಿಡುವಳಿ ಇರುವ ಗೌಡರೂ ಇದ್ದಾರೆ, ಮಾಪಿಳ್ಳೆಗಳೂ ಇದ್ದಾರೆ. ಕೊಡಗಿನ ಹಳೆಯ ವ್ಯವಸ್ಥೆಯಲ್ಲೇ ಹುಟ್ಟಿನ ಗೆರೆಯ ಪಕ್ಕದಲ್ಲಿ ನಾಡಿನ ಗೆರೆಯೊಂದು ಇತ್ತು ಎಂಬುದಕ್ಕೆ ಇದು ಸಾಕ್ಷಿ. ಹಾಕಿ ನಮ್ಮೆ ಮೊದಲನೆಯದನ್ನು ಆರಿಸಿತು, ಅದನ್ನು ನೋಡಿ ಕಲಿತ ಎಲ್ಲರೂ ಅದನ್ನೇ ಆರಿಸಿದರು. ಎರಡನೆಯದನ್ನು ಎತ್ತಿಕೊಂಡವರು ಕಡಿಮೆ.

2018ರ ಆಗಸ್ಟ್‌ನಲ್ಲಿ ಮಾತ್ರ ಕೆಲವು ವಾರ ನಾಡಿನ ಗೆರೆಯೇ ಮೇಲಾಗಿತ್ತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರಲ್ಲಿ ಎಲ್ಲರೂ ಇದ್ದರು. ಸಮುದಾಯ ಭವನಗಳು, ಶಾಲೆಗಳು ಶಿಬಿರಗಳಾದವು, ಒಂದೇ ಪಾತ್ರೆಯ ಗಂಜಿ ಎಲ್ಲರಿಗೂ. ಮನೆ ಹೆಸರು ಕೇಳಿ ಯಾರೂ ಚಾಪೆ ಕೊಡಲಿಲ್ಲ.

ನನ್ನ ತೀರ್ಮಾನ

ನಮ್ಮೆಯನ್ನು ಎಲ್ಲರಿಗೂ ತೆರೆಯಿರಿ ಎಂದು ನಾನು ಕೇಳುವುದಿಲ್ಲ. ತೆರೆದರೆ ಅದು ಇನ್ನೊಂದು ಸಾಮಾನ್ಯ ಟೂರ್ನಿಯಾಗುತ್ತದೆ, ನಾಲ್ಕು ಒಳ್ಳೆಯ ತಂಡಗಳು ಉಳಿದು ಅಜ್ಜ, ಸೊಸೆ, ಐದನೇ ತರಗತಿಯ ಹುಡುಗಿ ಎಲ್ಲರೂ ಮನೆಗೆ ಹೋಗುತ್ತಾರೆ. ಸಣ್ಣ ಸಮುದಾಯವೊಂದು ತನ್ನ ಜನರನ್ನು ವರ್ಷಕ್ಕೊಮ್ಮೆ ಕೂಡಿಸಿಕೊಳ್ಳಲು ಕಂಡುಕೊಂಡ ಇಷ್ಟು ಚೆಂದದ ದಾರಿಯನ್ನು ಕೆಡಿಸಬಾರದು. ಗೌಡರ, ಐರಿಗಳ, ಮುಸ್ಲಿಮರ ಪಂದ್ಯಾವಳಿಗಳಿಗೂ ಇದೇ ಮಾತು.

ಆದರೆ ಒಂದು ಭೇದವನ್ನು ನಾನು ಗಟ್ಟಿಯಾಗಿ ಹಿಡಿಯುತ್ತೇನೆ. ಗುಂಪು ತನ್ನ ಹಣದಲ್ಲಿ, ತನ್ನ ಅಂಗಳದಲ್ಲಿ ಏನು ಮಾಡಿಕೊಂಡರೂ ಅದು ಅದರ ಇಷ್ಟ. ಊರಿನ ಮೈದಾನ, ಸರ್ಕಾರದ ಅನುದಾನ, ಪೊಲೀಸ್ ಬಂದೋಬಸ್ತು, ಜಿಲ್ಲಾಡಳಿತದ ನೆರವು ಬಂದ ಗಳಿಗೆಯಿಂದ ಹೊರಗಿನವರಿಗೂ ಅದರಲ್ಲಿ ಪಾಲಿದೆ. ನಾಪೋಕ್ಲುವಿನ ಚೆರಿಯಪರಂಬು ಮೈದಾನದ ಸುತ್ತ ಮಳಿಗೆ ಇಟ್ಟವರು, ಚಹಾ ಕಾಯಿಸುವವರು, ಗ್ಯಾಲರಿ ಕಟ್ಟುವವರು, ಕೂತು ಚಪ್ಪಾಳೆ ತಟ್ಟುವವರು ಎಲ್ಲ ಸಮುದಾಯದವರು. ವ್ಯಾಪಾರದ ಪಾಲು ಅವರಿಗೆ ಸಿಗುತ್ತದೆ. ಅವರ ಮಕ್ಕಳಿಗೆ ಆಟದ ಪಾಲು ಸಿಗುವುದಿಲ್ಲ.

ಈ ಜಿಲ್ಲೆಯ ಹಾಕಿ ಒಕ್ಕಗಳಿಂದ ಮಾತ್ರ ಬೆಳೆದದ್ದೂ ಅಲ್ಲ. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್, ಮಡಿಕೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇವೆಲ್ಲ ಮಕ್ಕಳನ್ನು ಆರಿಸುವಾಗ ಮನೆ ಹೆಸರು ನೋಡುವುದಿಲ್ಲ, ಓಟ ಮತ್ತು ಕೈಚಳಕ ನೋಡುತ್ತವೆ. ಆದರೆ ಆಯ್ಕೆಗೆ ಬರುವ ಮೊದಲು ಮಗುವಿನ ಕೈಗೆ ಸ್ಟಿಕ್ ಸಿಕ್ಕಿರಬೇಕು. ಒಕ್ಕದ ಮಗುವಿಗೆ ಅದು ಚಿಕ್ಕಪ್ಪನಿಂದ ಸಿಗುತ್ತದೆ, ಪ್ರತಿ ಏಪ್ರಿಲ್‌ನಲ್ಲಿ ಆಡಲು ಮೈದಾನವೂ ಸಿಗುತ್ತದೆ. ಲೈನ್‌ಮನೆಯ ಮಗುವಿಗೆ ಈ ಎರಡನ್ನೂ ಕೊಡುವವರು ಯಾರು?

ನನ್ನ ಕೋರಿಕೆ ದೊಡ್ಡದಲ್ಲ. ನಮ್ಮೆ ನಡೆಯುವ ತಿಂಗಳಲ್ಲಿ ಮೈದಾನ ಹದವಾಗಿರುತ್ತದೆ, ಗೋಲು ಕಂಬಗಳು ನೆಟ್ಟಿರುತ್ತವೆ, ಅಂಪೈರುಗಳು, ಹಳೆಯ ಅಂತರರಾಷ್ಟ್ರೀಯ ಆಟಗಾರರು ಊರಿನಲ್ಲೇ ಇರುತ್ತಾರೆ. ಬೆಳಿಗ್ಗೆ ಪಂದ್ಯಗಳು ಶುರುವಾಗುವ ಮೊದಲು ಒಂದೂವರೆ ಗಂಟೆ ಆ ಮೈದಾನವನ್ನು ಆತಿಥೇಯ ಊರಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಟ್ಟುಕೊಡಲಿ, ಬರುವ ಅನುದಾನದ ಒಂದು ಸಣ್ಣ ಪಾಲಿನಲ್ಲಿ ಸ್ಟಿಕ್ಕುಗಳನ್ನು ಕೊಂಡು ಆ ಶಾಲೆಗಳಿಗೇ ಕೊಡಲಿ. ಒಕ್ಕಗಳ ಪಂದ್ಯ, ನಿಯಮ, ಕಪ್ ಯಾವುದೂ ಕದಲುವುದಿಲ್ಲ. ಕ್ರಿಕೆಟ್ ನಡೆಸುವ ಉಳಿದ ಸಮುದಾಯಗಳೂ ಸಾರ್ವಜನಿಕ ಮೈದಾನ ಪಡೆದಾಗ ಇದನ್ನೇ ಮಾಡಲಿ. ಅನುದಾನದ ಆದೇಶದಲ್ಲೇ ಈ ಷರತ್ತನ್ನು ಒಂದು ಸಾಲಿನಲ್ಲಿ ಬರೆಯಲು ಸರ್ಕಾರಕ್ಕೆ ಅಡ್ಡಿಯೇನೂ ಇಲ್ಲ, ಆತಿಥ್ಯ ವಹಿಸುವ ಒಕ್ಕವೇ ಅದಕ್ಕೆ ಮೊದಲು ಒಪ್ಪಿದರೆ ಇನ್ನೂ ಒಳ್ಳೆಯದು.